ಜೇನು ಕುಟುಂಬದ ಲೆಕ್ಕ ಕಲಿಸಿದ ಅಂಧ ವಿಜ್ಞಾನಿ: ಫ್ರಾಂಸ್ವಾ ಹ್ಯೂಬರ್



ಜೇನುಪೆಟ್ಟಿಗೆಯ ಮುಚ್ಚಳ ಸರಿಸಿ, ಸಂಸಾರ ಕೋಣೆಯಿಂದ ಒಂದು ಚೌಕಟ್ಟನ್ನು ಮೆಲ್ಲನೆ ಮೇಲೆತ್ತಿ ಬೆಳಕಿಗೆ ಹಿಡಿದಾಗ ತಮಗೆ ಮೊಟ್ಟೆ, ಮರಿಹುಳು, ಮುಚ್ಚಿದ ಕೋಶ, ಪರಾಗ, ಜೇನು ಎಲ್ಲವೂ ಒಂದೇ ನೋಟದಲ್ಲಿ ಕಾಣುತ್ತವೆ. ರಾಣಿ ಇದೆಯೇ, ಅದು ಚೆನ್ನಾಗಿ ಮೊಟ್ಟೆ ಇಡುತ್ತಿದೆಯೇ, ಮುಂದಿನ ತಿಂಗಳು ಕುಟುಂಬ ಬೆಳೆಯುವುದೇ ಕುಗ್ಗುವುದೇ ಎಂಬುದನ್ನು ಅನುಭವಿಗಳು ಆ ಒಂದು ನೋಟದಿಂದಲೇ ಊಹಿಸಬಲ್ಲರು. ಇಂದು ನಮಗೆ ಇಷ್ಟು ಸಹಜವಾಗಿರುವ ಈ ನೋಟವನ್ನು ಜಗತ್ತಿಗೆ ಕೊಟ್ಟವರಲ್ಲಿ ಮೊದಲಿಗರೆನ್ನಬಹುದಾದ ವ್ಯಕ್ತಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರೇ ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಫ್ರಾಂಸ್ವಾ ಹ್ಯೂಬರ್.

ಇತ್ತೀಚಿನ ದಶಕಗಳಲ್ಲಿ ವಿಜ್ಞಾನಿಗಳು ಜೇನು ಕುಟುಂಬದ ಸಂಖ್ಯೆಯ ಏರಿಳಿತವನ್ನು ಕಂಪ್ಯೂಟರ್ ಮಾದರಿಗಳ ಮೂಲಕ ಅಧ್ಯಯನ ಮಾಡುತ್ತಿದ್ದಾರೆ. ರಾಣಿ ದಿನಕ್ಕೆ ಎಷ್ಟು ಮೊಟ್ಟೆ ಇಡುತ್ತದೆ, ಮೊಟ್ಟೆ ಎಷ್ಟು ದಿನಕ್ಕೆ ನೊಣವಾಗುತ್ತದೆ, ನೊಣ ಎಷ್ಟು ದಿನ ಬದುಕುತ್ತದೆ ಎಂಬ ಅಂಕಿಗಳನ್ನು ಯಂತ್ರಕ್ಕೆ ಕೊಟ್ಟರೆ ಮುಂದಿನ ತಿಂಗಳುಗಳಲ್ಲಿ ಕುಟುಂಬದ ಸ್ಥಿತಿ ಏನಾಗಬಹುದೆಂದು ಅದು ಲೆಕ್ಕ ಹಾಕಿ ತೋರಿಸುತ್ತದೆ. ಈ ಲೆಕ್ಕದ ತಳಹದಿಯಲ್ಲಿರುವ ಹಲವು ಸಂಗತಿಗಳನ್ನು ಇನ್ನೂರು ವರ್ಷಗಳಿಗೂ ಹಿಂದೆ ಪ್ರಯೋಗದಿಂದ ಸಿದ್ಧಪಡಿಸಿದವರು ಹ್ಯೂಬರ್. ಆದುದರಿಂದ ಅವರ ಜೀವನವನ್ನೂ ಈ ಲೆಕ್ಕವನ್ನೂ ಒಟ್ಟಿಗೆ ತಿಳಿದುಕೊಳ್ಳುವುದು ಜೇನು ಸಾಕುವ ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ಉಪಯುಕ್ತವೆಂದು ಭಾವಿಸಿ ಈ ಲೇಖನವನ್ನು ತಮ್ಮ ಮುಂದಿಡುತ್ತಿದ್ದೇನೆ.

ಬಾಲ್ಯ ಮತ್ತು ಕುರುಡುತನ

ಹ್ಯೂಬರ್ ಹುಟ್ಟಿದ್ದು 1750ರ ಜುಲೈ 2ರಂದು, ಜಿನೀವಾದ ಅನುಕೂಲಸ್ಥ ಮನೆತನವೊಂದರಲ್ಲಿ. ತಂದೆ ಜಾನ್ ಹ್ಯೂಬರ್ ಹೆಸರಾಂತ ಚಿತ್ರಕಾರರು. ಬೇಟೆಹಕ್ಕಿಗಳ ಹಾರಾಟವನ್ನು ಕುರಿತು ಗ್ರಂಥ ಬರೆದಷ್ಟು ನಿಸರ್ಗಾಸಕ್ತಿ ಉಳ್ಳವರು. ಮಗನಿಗೆ ಪ್ರಕೃತಿಯನ್ನು ಗಮನಿಸುವ ಹವ್ಯಾಸ ಬಂದದ್ದು ತಂದೆಯಿಂದಲೇ. ಓದಿನ ಹಂಬಲವೂ ಅಷ್ಟೇ ತೀವ್ರವಾಗಿತ್ತು.

ಸುಮಾರು ಹದಿನೈದನೆಯ ವಯಸ್ಸಿನಲ್ಲಿ ಹುಡುಗನ ದೃಷ್ಟಿ ಮಂದವಾಗತೊಡಗಿತು. ತಂದೆ ಅವನನ್ನು ಪ್ಯಾರಿಸ್ಸಿಗೆ ಕರೆದೊಯ್ದು ಆ ಕಾಲದ ಪ್ರಸಿದ್ಧ ವೈದ್ಯರಿಗೆ ತೋರಿಸಿದರು. ದೇಹಾರೋಗ್ಯಕ್ಕಾಗಿ ಹಳ್ಳಿಯ ಬದುಕು ಒಳ್ಳೆಯದೆಂಬ ಸಲಹೆಯಂತೆ ಪ್ಯಾರಿಸ್ಸಿನ ಸಮೀಪದ ಹಳ್ಳಿಯೊಂದರಲ್ಲಿ ಕೆಲಕಾಲ ಇದ್ದು, ಹೊಲದ ಕೆಲಸಗಳಲ್ಲಿ ಕೈಯಾಡಿಸಿ, ರೈತಾಪಿ ಜನರ ಒಡನಾಟ ಬೆಳೆಸಿಕೊಂಡ ಹುಡುಗ ಮೈಯಲ್ಲಿ ಬಲಗೊಂಡ. ಕಣ್ಣುಗಳು ಮಾತ್ರ ಸುಧಾರಿಸಲಿಲ್ಲ. ಕ್ರಮೇಣ ಬೆಳಕು ಪೂರ್ಣವಾಗಿ ಆರಿತು.

ಇದಕ್ಕೆ ಮೊದಲೇ ಅವರಿಗೆ ಮಾರಿ ಎಮೆ ಲ್ಯುಲ್ಯಾಂ ಎಂಬ ಕನ್ಯೆಯ ಪರಿಚಯವಾಗಿ ಪರಸ್ಪರ ಪ್ರೀತಿ ಬೆಳೆದಿತ್ತು. ಕಣ್ಣು ಹೋಗುತ್ತಿರುವ ಯುವಕನಿಗೆ ಮಗಳನ್ನು ಕೊಡಲು ಆಕೆಯ ತಂದೆ ಒಪ್ಪಲಿಲ್ಲ. ಮಗಳು ಜಗಳವಾಡಲೂ ಇಲ್ಲ, ಮನಸ್ಸು ಬದಲಿಸಲೂ ಇಲ್ಲ. ಸ್ವಂತ ನಿರ್ಧಾರದಿಂದ ಮದುವೆಯಾಗಲು ಕಾನೂನು ವಿಧಿಸಿದ್ದ ಇಪ್ಪತ್ತೈದು ವರ್ಷ ತುಂಬುವವರೆಗೆ ಕಾದು, 1776ರಲ್ಲಿ ಹ್ಯೂಬರ್ ಅವರ ಕೈ ಹಿಡಿದಳು. ಮುಂದಿನ ಸುಮಾರು ನಲವತ್ತು ವರ್ಷಗಳ ದಾಂಪತ್ಯದಲ್ಲಿ ಆಕೆ ಗಂಡನಿಗೆ ಪುಸ್ತಕ ಓದಿದಳು, ಪತ್ರ ಬರೆದಳು, ಪ್ರಯೋಗಗಳಲ್ಲಿ ಕಣ್ಣಾದಳು. ಹ್ಯೂಬರ್ ಅವರ ಸಾಧನೆಯಲ್ಲಿ ಈ ಮಹಿಳೆಯ ಪಾಲು ಎಷ್ಟೆಂದು ಅಳೆಯುವುದು ಕಷ್ಟ.

ಬ್ಯುರ್ನಾಂ ಎಂಬ ಸಹಾಯಕ

ಮನೆಯಲ್ಲಿ ಫ್ರಾಂಸ್ವಾ ಬ್ಯುರ್ನಾಂ ಎಂಬ ಸೇವಕನಿದ್ದ. ಹಳ್ಳಿಯ ರೈತ ಕುಟುಂಬದಿಂದ ಬಂದವನು, ಹೆಚ್ಚಿನ ವಿದ್ಯಾಭ್ಯಾಸವಿಲ್ಲದವನು. ಫ್ರಾನ್ಸಿನ ರೊಮ್ಯೂರ್ ಎಂಬ ವಿಜ್ಞಾನಿ ಕೀಟಗಳ ಬಗ್ಗೆ ಬರೆದಿದ್ದ ಸಂಪುಟಗಳನ್ನು ಅವನು ಒಡೆಯನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಓದುತ್ತಾ ಓದುತ್ತಾ ಅವನು ಎತ್ತುತ್ತಿದ್ದ ಪ್ರಶ್ನೆಗಳು ಹ್ಯೂಬರ್ ಅವರ ಗಮನ ಸೆಳೆದವು. ಇವನು ಬರಿದೆ ಓದುವವನಲ್ಲ, ನೋಡಬಲ್ಲವನೂ ಹೌದೆಂದು ಅವರಿಗೆ ಅನ್ನಿಸಿತು.

ಆದರೆ ಅನ್ನಿಸಿಕೆಯನ್ನೇ ನಂಬಿ ಅವರು ಮುಂದುವರಿಯಲಿಲ್ಲ. ಮೊದಲು ರೊಮ್ಯೂರ್ ಮಾಡಿದ್ದ ಪ್ರಯೋಗಗಳನ್ನೇ ಬ್ಯುರ್ನಾಂನಿಂದ ಮತ್ತೆ ಮಾಡಿಸಿದರು. ಕಂಡದ್ದನ್ನು ಕಂಡಂತೆ ಹೇಳುತ್ತಾನೆಯೇ, ಕಾಣದ್ದನ್ನು ಊಹಿಸಿ ಸೇರಿಸುತ್ತಾನೆಯೇ ಎಂದು ಪ್ರಶ್ನೆಗಳ ಮೇಲೆ ಪ್ರಶ್ನೆ ಹಾಕಿ ಪರೀಕ್ಷಿಸಿದರು. ಫಲಿತಾಂಶಗಳು ತಾಳೆಯಾದ ಮೇಲೆ ಮಾತ್ರ, ಯಾರೂ ಉತ್ತರ ಕಂಡಿರದ ಪ್ರಶ್ನೆಗಳಿಗೆ ಕೈಹಾಕಿದರು. ವಿಸ್ತರಣಾ ಕಾರ್ಯಕರ್ತರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹೊಲದಿಂದ ಬರುವ ಮಾಹಿತಿಯನ್ನು ನಂಬುವ ಮೊದಲು ಮಾಹಿತಿ ತರುವವರಿಗೆ ನೋಡುವ ಕ್ರಮವನ್ನು ಕಲಿಸಬೇಕೆಂಬ ಪಾಠ ಇದು.

ಬ್ಯುರ್ನಾಂನ ತಾಳ್ಮೆಗೆ ಒಂದು ಉದಾಹರಣೆ ಸಾಕು. ರಾಣಿಯಿಲ್ಲದ ಗೂಡಿನಲ್ಲಿ ಕೆಲವು ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತವೆಯೇ ಎಂಬ ಪ್ರಶ್ನೆ ಎದ್ದಾಗ, ಎರಡು ಗೂಡುಗಳಲ್ಲಿದ್ದ ಪ್ರತಿಯೊಂದು ನೊಣವನ್ನೂ ಕೈಯಲ್ಲಿ ಹಿಡಿದು ಪರೀಕ್ಷಿಸುವ ಕೆಲಸವನ್ನು ಅವನು ಕೈಗೊಂಡ. ಅದಕ್ಕೆ ಹನ್ನೊಂದು ದಿನಗಳು ಹಿಡಿದವು. ಕುಟುಕಿದ ನೋವನ್ನು ಲೆಕ್ಕಿಸದೆ ಅವನು ಅದನ್ನು ಮುಗಿಸಿದ. ಮುಂದೆ ಜಿನೀವಾದ ನಿಸರ್ಗವಿಜ್ಞಾನಿ ಜ್ಯುರೀನ್ ಅವರ ಮಗಳು ಕೆಲಸಗಾರ ನೊಣಗಳನ್ನು ಸೂಕ್ಷ್ಮವಾಗಿ ಛೇದಿಸಿ, ಅವುಗಳಲ್ಲಿಯೂ ಬೆಳೆಯದ ಅಂಡಾಶಯಗಳಿವೆ, ಅಂದರೆ ಅವೆಲ್ಲವೂ ಹೆಣ್ಣುಗಳೇ ಎಂದು ತೋರಿಸಿಕೊಟ್ಟಳು.

ಪುಸ್ತಕದಂತೆ ತೆರೆಯುವ ಗೂಡು

ಆಗಿನ ಕಾಲದಲ್ಲಿ ಯೂರೋಪಿನ ರೈತರು ಜೇನನ್ನು ಹುಲ್ಲಿನ ಬುಟ್ಟಿಗಳಲ್ಲಿಯೋ ಪೊಳ್ಳು ಮರದ ದಿಮ್ಮಿಗಳಲ್ಲಿಯೋ ಸಾಕುತ್ತಿದ್ದರು. ಒಳಗೆ ಏನು ನಡೆಯುತ್ತಿದೆಯೆಂದು ನೋಡಬೇಕಾದರೆ ಎರಿಗಳನ್ನು ಕತ್ತರಿಸಬೇಕಿತ್ತು. ಗಾಜಿನ ಗೂಡುಗಳು ಇದ್ದರೂ ಎರಿಗಳ ನಡುವಿನ ಸಂಗತಿ ಕಾಣುತ್ತಿರಲಿಲ್ಲ. ಹ್ಯೂಬರ್ ಒಂದೊಂದು ಎರಿಗೆ ಒಂದೊಂದು ಮರದ ಚೌಕಟ್ಟು ಮಾಡಿಸಿ, ಚೌಕಟ್ಟುಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿ ತಿರುಗಣಿಯಿಂದ ಬಂಧಿಸಿದರು. ಪುಸ್ತಕದ ಹಾಳೆ ತಿರುವಿದಂತೆ ಒಂದೊಂದು ಎರಿಯನ್ನೂ ತೆರೆದು ಎರಡೂ ಬದಿ ನೋಡಬಹುದಾಯಿತು. ನೊಣಗಳಿಗೂ ಇದರಿಂದ ಹೆಚ್ಚಿನ ಕಿರಿಕಿರಿಯಾಗುತ್ತಿರಲಿಲ್ಲ.

ನಿತ್ಯದ ಜೇನುಕೃಷಿಗೆ ಈ ಗೂಡು ಅಷ್ಟಾಗಿ ಒಗ್ಗಲಿಲ್ಲ. ಆದರೆ ಅದರ ವಿಚಾರ ಉಳಿಯಿತು. ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಅವರು ಹ್ಯೂಬರ್ ಕೃತಿಯನ್ನು ಬಲ್ಲವರಾಗಿದ್ದರು. 1851ರಲ್ಲಿ ಅವರು, ನೊಣಗಳು ಓಡಾಡಲು ಬಿಡುವ ಸುಮಾರು ಒಂದು ಸೆಂಟಿಮೀಟರಿನಷ್ಟು ಅಂತರವನ್ನು ಚೌಕಟ್ಟಿನ ಸುತ್ತಲೂ ಉಳಿಸಿದರೆ ಅವು ಅಲ್ಲಿ ಮೇಣ ಕಟ್ಟುವುದಿಲ್ಲವೆಂಬುದನ್ನು ಪೆಟ್ಟಿಗೆಯ ರಚನೆಗೆ ಅಳವಡಿಸಿದರು. ಇಂದು ನಮ್ಮ ರಾಜ್ಯದಲ್ಲಿ ತುಡುವೆ ಜೇನಿಗೆ ಬಳಸುವ ಚಿಕ್ಕ ಪೆಟ್ಟಿಗೆಯೂ, ಯೂರೋಪಿನ ಮೆಲ್ಲಿಫೆರಾ ಜೇನಿಗೆ ಬಳಸುವ ದೊಡ್ಡ ಪೆಟ್ಟಿಗೆಯೂ ಇದೇ ತತ್ವದ ಮೇಲೆ ನಿಂತಿವೆ.

ರಾಣಿಯ ರಹಸ್ಯ

ರಾಣಿ ನೊಣ ಹೇಗೆ ಫಲಿತವಾಗುತ್ತದೆ ಎಂಬುದು ಆಗ ದೊಡ್ಡ ಒಗಟಾಗಿತ್ತು. ಗಂಡು ನೊಣಗಳ ವಾಸನೆಯಿಂದಲೇ ಅದು ಫಲಿತವಾಗುತ್ತದೆಂದು ಕೆಲವರು, ಮೀನಿನಂತೆ ಮೊಟ್ಟೆ ಇಟ್ಟ ಮೇಲೆ ಕೋಶದಲ್ಲಿಯೇ ಗಂಡು ಅದನ್ನು ಫಲಿಸುತ್ತದೆಂದು ಕೆಲವರು, ಗಂಡಿನ ಅಗತ್ಯವೇ ಇಲ್ಲವೆಂದು ಇನ್ನು ಕೆಲವರು ವಾದಿಸುತ್ತಿದ್ದರು. ಹ್ಯೂಬರ್ ಒಂದೊಂದು ವಾದವನ್ನೂ ಪ್ರಯೋಗಕ್ಕೆ ಒಡ್ಡಿದರು. ಎಳೆಯ ರಾಣಿಯನ್ನು ಗಂಡು ನೊಣಗಳೊಂದಿಗೆ ಗೂಡಿನೊಳಗೇ ಕೂಡಿಹಾಕಿದಾಗ ಅದು ಬಂಜೆಯಾಗಿಯೇ ಉಳಿಯಿತು. ಹಾಗಾದರೆ ಉತ್ತರ ಗೂಡಿನ ಹೊರಗಿರಬೇಕು.

1788ರ ಬೇಸಿಗೆಯಲ್ಲಿ, ಗಂಡು ನೊಣಗಳು ಹಾರುವ ಹೊತ್ತಿಗೆ ಗೂಡಿನ ಬಾಗಿಲಲ್ಲಿ ಕಾದು ಕುಳಿತರು. ರಾಣಿ ಹೊರಹೊಮ್ಮಿ ಆಕಾಶಕ್ಕೆ ಹಾರಿತು. ಮರಳಿ ಬಂದಾಗ ಅದರ ದೇಹದಲ್ಲಿ ಸಮಾಗಮದ ಗುರುತು ಸ್ಪಷ್ಟವಾಗಿತ್ತು. ಎರಡು ದಿನಗಳೊಳಗೆ ಅದು ಮೊಟ್ಟೆ ಇಡಲು ಆರಂಭಿಸಿತು. ರಾಣಿಯ ಸಮಾಗಮ ಗೂಡಿನ ಹೊರಗೆ, ಹಾರಾಟದಲ್ಲಿ ನಡೆಯುತ್ತದೆಂಬುದು ಹೀಗೆ ಸಿದ್ಧವಾಯಿತು.

ಇನ್ನೊಂದು ಶೋಧವೂ ಅಷ್ಟೇ ಮಹತ್ವದ್ದು. ಹುಟ್ಟಿದ ಮೂರು ವಾರಗಳ ನಂತರವೂ ಹೊರಗೆ ಬಿಡದೆ ತಡೆದಿಟ್ಟ ರಾಣಿ ಬಳಿಕ ಇಡುವ ಮೊಟ್ಟೆಗಳಿಂದ ಗಂಡು ನೊಣಗಳಷ್ಟೇ ಹುಟ್ಟುತ್ತವೆಂದು ಅವರು ಕಂಡರು. ಇದಕ್ಕೆ ಕಾರಣ ಅವರಿಗೆ ತಿಳಿಯಲಿಲ್ಲ. ತಿಳಿಯದೆಂದು ಹೇಳಲು ಅವರು ಸಂಕೋಚಪಡಲೂ ಇಲ್ಲ. ಫಲಿತವಾಗದ ಮೊಟ್ಟೆಯಿಂದ ಗಂಡು ಹುಟ್ಟುತ್ತದೆಂಬ ವಿವರಣೆಯನ್ನು 1845ರಲ್ಲಿ ಸೈಲೇಷಿಯಾ ಪ್ರಾಂತದ ಪಾದ್ರಿ ಜೀರ್ಜೋನ್ ಕೊಟ್ಟರು. ಸತತ ಮಳೆಯಿಂದ ಹೊಸ ರಾಣಿ ಹೊರಹಾರಲಾಗದೆ ಹೋದಾಗ ಕೆಲವು ಪೆಟ್ಟಿಗೆಗಳಲ್ಲಿ ಗಂಡು ಸಂಸಾರವೇ ತುಂಬಿಕೊಂಡು ಕುಟುಂಬ ನಶಿಸುವುದನ್ನು ಮಲೆನಾಡಿನ ಸಾಕಣೆದಾರರು ಬಲ್ಲರು. ಹ್ಯೂಬರ್ ತಮ್ಮ ಗೂಡಿನಲ್ಲಿ ಕಂಡದ್ದು ಇದನ್ನೇ.

ಮೊಟ್ಟೆಯಿಂದ ಪೂರ್ಣ ನೊಣವಾಗಲು ರಾಣಿಗೆ 16, ಗಂಡಿಗೆ 24 ದಿನಗಳು ಬೇಕೆಂದು ಅವರು ದಾಖಲಿಸಿದರು. ಕೆಲಸಗಾರ ನೊಣಕ್ಕೆ 20 ದಿನವೆಂದರು. ಇಂದು ನಾವು ಮೆಲ್ಲಿಫೆರಾ ಜೇನಿಗೆ 21 ದಿನವೆಂದು ಲೆಕ್ಕ ಹಿಡಿಯುತ್ತೇವೆ. ನಮ್ಮ ತುಡುವೆಗೆ ಒಂದೆರಡು ದಿನ ಕಡಿಮೆ. ಕುಟುಂಬ ಪಾಲಾಗುವಾಗ ಮೊದಲ ಪಾಲಿನೊಂದಿಗೆ ಹಳೆಯ ರಾಣಿಯೇ ಹೊರಡುತ್ತದೆಂಬುದನ್ನೂ ಅವರೇ ಖಚಿತಪಡಿಸಿದರು. ಅವರು ತಪ್ಪಿದ್ದೂ ಉಂಟು. ರಾಣಿಗೆ ಒಂದೇ ಸಮಾಗಮ ಸಾಕೆಂದು ಅವರು ತಿಳಿದಿದ್ದರು. ರಾಣಿ ಹತ್ತಾರು ಗಂಡುಗಳೊಂದಿಗೆ ಕೂಡುತ್ತದೆಂದು ಇಪ್ಪತ್ತನೆಯ ಶತಮಾನದಲ್ಲಿ ತಿಳಿದುಬಂತು.

ಗ್ರಂಥ, ಸಂದೇಹ ಮತ್ತು ಮನ್ನಣೆ

ಈ ಶೋಧಗಳನ್ನು ಹ್ಯೂಬರ್ ತಮ್ಮ ಹಿರಿಯ ಮಿತ್ರರಾದ ಷಾರ್ಲ್ ಬೊನೆ ಅವರಿಗೆ ಪತ್ರಗಳ ರೂಪದಲ್ಲಿ ಬರೆಸಿದರು. ಮೊದಲ ಪತ್ರ 1789ರ ಆಗಸ್ಟ್ ತಿಂಗಳಲ್ಲಿ, ಜಿನೀವಾ ಬಳಿಯ ಪ್ರೆನ್ಯಿ ಗ್ರಾಮದಿಂದ ಹೊರಟಿತು. ಬೊನೆ ಗಿಡಹೇನುಗಳ ಮೇಲಿನ ಸಂಶೋಧನೆಯಿಂದ ಯೂರೋಪಿನಾದ್ಯಂತ ಹೆಸರಾಗಿದ್ದವರು. ಅವರ ದೃಷ್ಟಿಯೂ ಕೆಟ್ಟಿತ್ತು. ಅವರು ಹ್ಯೂಬರ್ ಅವರಿಗೆ ಹೊಸ ಪ್ರಶ್ನೆಗಳನ್ನೂ ಪ್ರಯೋಗಗಳನ್ನೂ ಸೂಚಿಸುತ್ತಾ ಬಂದರು. ಈ ಪತ್ರಗಳು 1792ರಲ್ಲಿ ಜೇನುನೊಣಗಳ ಮೇಲಿನ ಹೊಸ ಅವಲೋಕನಗಳು ಎಂಬ ಅರ್ಥದ ಫ್ರೆಂಚ್ ಶೀರ್ಷಿಕೆಯಲ್ಲಿ ಪುಸ್ತಕವಾಗಿ ಪ್ರಕಟವಾದವು.

ಕುರುಡನೊಬ್ಬ ಸೇವಕನ ಮಾತು ಕೇಳಿ ಬರೆದದ್ದನ್ನು ವಿಜ್ಞಾನವೆಂದು ಹೇಗೆ ಒಪ್ಪುವುದು ಎಂದು ಕೆಲವರು ಸಂದೇಹಪಟ್ಟರು. ಆ ಸಂದೇಹ ಅಸಹಜವೇನಲ್ಲ. ಅದಕ್ಕೆ ಹ್ಯೂಬರ್ ಕೊಟ್ಟ ಉತ್ತರ ಅವರ ವಿಧಾನದಲ್ಲೇ ಇತ್ತು: ಪ್ರಯೋಗವನ್ನು ಹೇಗೆ ಮಾಡಿದರೆಂದು ಹೆಜ್ಜೆಹೆಜ್ಜೆಯಾಗಿ ವಿವರಿಸಿದ್ದರು; ಯಾರು ಬೇಕಾದರೂ ಮಾಡಿ ನೋಡಬಹುದಿತ್ತು. ಮಾಡಿ ನೋಡಿದವರು ಒಪ್ಪಿದರು. ಪುಸ್ತಕ 1806ರಲ್ಲಿ ಇಂಗ್ಲಿಷಿಗೂ ಬಂತು.

ಜೇನುಮೇಣದ ಮೇಲಿನ ಅಧ್ಯಯನ ಮುಂದಿನ ಹಂತ. ನೊಣಗಳು ಹೂವಿನ ಪರಾಗದಿಂದಲೇ ಮೇಣ ಮಾಡುತ್ತವೆಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ, ಕೂಡಿಹಾಕಿದ ನೊಣಗಳಿಗೆ ಬರಿಯ ಜೇನು ಅಥವಾ ಸಕ್ಕರೆ ಕೊಟ್ಟಾಗಲೂ ಅವು ಎರಿ ಕಟ್ಟುತ್ತವೆ, ಬರಿಯ ಪರಾಗ ಕೊಟ್ಟಾಗ ಕಟ್ಟುವುದಿಲ್ಲ ಎಂದು ಅವರು ತೋರಿಸಿದರು. ನೊಣಗಳು ರೆಕ್ಕೆ ಬೀಸಿ ಗೂಡಿನ ಗಾಳಿಯನ್ನು ಶುದ್ಧವಾಗಿಡುವ ಬಗೆಯನ್ನೂ ವಿವರಿಸಿದರು. ಬ್ಯುರ್ನಾಂ ತನ್ನ ಊರಿಗೆ ಮರಳಿ ಅಲ್ಲಿನ ಆಡಳಿತದಲ್ಲಿ ಗೌರವದ ಸ್ಥಾನ ಪಡೆದ ಮೇಲೆ, ಹೆಂಡತಿಯೂ ಮಗ ಪಿಯರ್ ಕೂಡ ಕೆಲಸ ಮುಂದುವರಿಸಲು ನೆರವಾದರು. ಇರುವೆಗಳ ಮೇಲಿನ ಗ್ರಂಥದಿಂದ ತಾನೇ ಪ್ರಸಿದ್ಧನಾದ ಪಿಯರ್‌ನ ಸಹಾಯದಿಂದ 1814ರಲ್ಲಿ ಗ್ರಂಥದ ವಿಸ್ತೃತ ಆವೃತ್ತಿ ಎರಡು ಸಂಪುಟಗಳಲ್ಲಿ ಹೊರಬಂತು. 1831ರ ಡಿಸೆಂಬರ್ 22ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಲೋಸಾನ್ ನಗರದಲ್ಲಿ ಹ್ಯೂಬರ್ ತೀರಿಕೊಂಡರು.

ಹ್ಯೂಬರ್ ಕಂಡದ್ದು ಕಂಪ್ಯೂಟರಿನ ಲೆಕ್ಕಕ್ಕೆ ಬಂದ ಬಗೆ

ಈಗ ಕುಟುಂಬದ ಲೆಕ್ಕಕ್ಕೆ ಬರೋಣ. 1989ರಲ್ಲಿ ಅಮೆರಿಕದ ಗ್ಲೋರಿಯಾ ಡಿಗ್ರಾಂಡಿ-ಹಾಫ್‌ಮನ್ ಮತ್ತು ಸಹೋದ್ಯೋಗಿಗಳು ಬೀಪಾಪ್ ಎಂಬ ಮಾದರಿಯನ್ನು ಪ್ರಕಟಿಸಿದರು. 2011ರಲ್ಲಿ ಆಸ್ಟ್ರೇಲಿಯಾದ ಖೌರಿ, ಮೈಯರ್ಸ್‌ಕಾಫ್ ಮತ್ತು ಬ್ಯಾರನ್ ಅವರು ಕೆಲವೇ ಸಮೀಕರಣಗಳ ಸರಳ ಮಾದರಿಯೊಂದನ್ನು ಮುಂದಿಟ್ಟರು. 2014ರಲ್ಲಿ ಬ್ರಿಟನ್ನಿನಿಂದ ಬೀಹೇವ್ ಎಂಬ ವಿಸ್ತಾರವಾದ ಮಾದರಿ ಬಂತು; ಅದರಲ್ಲಿ ಗೂಡಿನ ಒಳಗಿನ ಬದುಕು, ವರೋವಾ ನುಸಿಯ ಬಾಧೆ, ಸುತ್ತಲಿನ ಹೂವಿನ ಪ್ರದೇಶ ಮೂರೂ ಒಂದೇ ಲೆಕ್ಕದಲ್ಲಿ ಸೇರಿವೆ. ಇವೆಲ್ಲವೂ ಮೆಲ್ಲಿಫೆರಾ ಜೇನನ್ನು ಕುರಿತವು. ಆದರೆ ಲೆಕ್ಕದ ತತ್ವವನ್ನು ತಾವು ಕಾಗದದ ಮೇಲೆಯೇ ಅರಿಯಬಹುದು.

ಒಂದು ಉದಾಹರಣೆ ತೆಗೆದುಕೊಳ್ಳಿ. ರಾಣಿ ದಿನಕ್ಕೆ 1,500 ಮೊಟ್ಟೆ ಇಡುತ್ತದೆ, ಎಲ್ಲ ಮೊಟ್ಟೆಗಳೂ ನೊಣಗಳಾಗುತ್ತವೆ ಎಂದು ಭಾವಿಸೋಣ. ಕೆಲಸಗಾರ ನೊಣ ಮೊದಲ 21 ದಿನ ಗೂಡಿನೊಳಗೆ ಮರಿಗಳ ಪಾಲನೆ, ಎರಿ ಕಟ್ಟುವಿಕೆ ಮುಂತಾದ ಕೆಲಸ ಮಾಡಿ, ಮುಂದಿನ 21 ದಿನ ಹೂವಿನ ಬೇಟೆಗೆ ಹೊರಗೆ ಹೋಗುತ್ತದೆನ್ನಿ. ಒಟ್ಟು ಆಯುಷ್ಯ 42 ದಿನ. ಹುಟ್ಟುವ ಸಂಖ್ಯೆಯನ್ನು ಆಯುಷ್ಯದಿಂದ ಗುಣಿಸಿದರೆ ಕುಟುಂಬದ ಗಾತ್ರ ಸಿಗುತ್ತದೆ: 63,000 ನೊಣಗಳು. ಅದರಲ್ಲಿ ಅರ್ಧ, ಅಂದರೆ 31,500, ಹೊರಗೆ ದುಡಿಯುವವು.

ಈಗ ನೆರೆಯ ಹೊಲದಲ್ಲಿ ಹೂವಿದ್ದಾಗಲೇ ಪದೇ ಪದೇ ಕೀಟನಾಶಕ ಸಿಂಪಡಿಸಿದ ಕಾರಣ ಹೊರಗಿನ ದುಡಿಮೆಯ ಆಯುಷ್ಯ 21ರಿಂದ 7 ದಿನಕ್ಕೆ ಇಳಿಯಿತೆನ್ನಿ. ಒಟ್ಟು ಆಯುಷ್ಯ 28 ದಿನ. ಕುಟುಂಬ ಕ್ರಮೇಣ 42,000ಕ್ಕೆ ಬಂದು ನಿಲ್ಲುತ್ತದೆ. ಪೆಟ್ಟಿಗೆ ತೆರೆದು ನೋಡಿದರೆ ಮೂರರಲ್ಲಿ ಎರಡು ಪಾಲು ನೊಣಗಳು ಇನ್ನೂ ಇವೆ, ಪರವಾಗಿಲ್ಲ ಎನ್ನಿಸುತ್ತದೆ. ಆದರೆ ಹೊರಗೆ ದುಡಿಯುವ ನೊಣಗಳು 31,500ರಿಂದ 10,500ಕ್ಕೆ, ಅಂದರೆ ಮೂರನೆಯ ಒಂದು ಪಾಲಿಗೆ ಕುಸಿದಿವೆ. ಜೇನಿನ ಇಳುವರಿಯೂ ಬೆಳೆಯ ಪರಾಗಸ್ಪರ್ಶವೂ ನಿಂತಿರುವುದು ಈ ನೊಣಗಳ ಮೇಲೆ. ತುಡುವೆ ರಾಣಿ ಇಡುವ ಮೊಟ್ಟೆಗಳು ಇದಕ್ಕಿಂತ ಬಹಳ ಕಡಿಮೆ. ಆದರೂ ಅನುಪಾತದ ನಿಯಮ ಒಂದೇ.

ವಾಸ್ತವದಲ್ಲಿ ನಷ್ಟ ಇಲ್ಲಿಗೆ ನಿಲ್ಲುವುದಿಲ್ಲ. ಹೊರಗಿನ ನೊಣಗಳು ಕಡಿಮೆಯಾದಾಗ ಗೂಡಿನೊಳಗಿನ ಎಳೆಯ ನೊಣಗಳು ಕಾಲಕ್ಕೆ ಮುಂಚೆಯೇ ಹೊರಗೆ ದುಡಿಯಲು ಹೊರಡುತ್ತವೆ. ಮರಿಗಳನ್ನು ಸಾಕುವ ಕೈಗಳು ಕಡಿಮೆಯಾಗುತ್ತವೆ. ರಾಣಿ ಮೊಟ್ಟೆ ಇಟ್ಟರೂ ಮರಿಗಳು ಉಳಿಯುವುದಿಲ್ಲ. ಹುಟ್ಟು ಕಡಿಮೆಯಾಗಿ ಸಾವು ಹೆಚ್ಚಾಗುತ್ತದೆ. ಆಸ್ಟ್ರೇಲಿಯಾದ ಮಾದರಿ ತೋರಿಸಿದ್ದು ಇದನ್ನೇ. ಅವರು ತೆಗೆದುಕೊಂಡ ಅಂಕಿಗಳ ಪ್ರಕಾರ, ಹೊರಗೆ ದುಡಿಯುವ ನೊಣಗಳ ಪೈಕಿ ದಿನವೊಂದಕ್ಕೆ ಸಾಯುವವು ಮೂರನೆಯ ಒಂದು ಪಾಲಿಗಿಂತ ತುಸು ಮೇಲಿನ ಮಿತಿಯೊಳಗಿರುವಷ್ಟು ಕಾಲ ಕುಟುಂಬ ಚಿಕ್ಕದಾದರೂ ಒಂದು ಗಾತ್ರದಲ್ಲಿ ನಿಲ್ಲುತ್ತದೆ. ಆ ಮಿತಿ ದಾಟಿದರೆ ನಿಲ್ಲುವ ಗಾತ್ರವೇ ಇಲ್ಲ. ರಾಣಿ ಆರೋಗ್ಯವಾಗಿದ್ದರೂ ಕುಟುಂಬ ಸೊನ್ನೆಯತ್ತ ಇಳಿಯುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದ ಪೆಟ್ಟಿಗೆ ಕೆಲವೇ ವಾರಗಳಲ್ಲಿ ಬರಿದಾಯಿತೆಂದು ರೈತರು ಹೇಳುವಾಗ ಅದನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕಬಾರದೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ನಮ್ಮ ನಾಡಿನ ಪಾಠ

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಾಧಿಸಿದಾಗ ಕೊಡಗು, ಮಲೆನಾಡು, ಕರಾವಳಿಯ ಬಹುಪಾಲು ಪೆಟ್ಟಿಗೆಗಳು ಖಾಲಿಯಾದವು. ಆ ರೋಗ ಕೊಲ್ಲುವುದು ಮರಿಹುಳುಗಳನ್ನು. ಮೇಲಿನ ಲೆಕ್ಕವನ್ನು ಇಲ್ಲಿಗೆ ಅನ್ವಯಿಸಿ ನೋಡಿ: ಹೊರಗೆ ದುಡಿಯುವ ನೊಣಗಳು ಮೊದಮೊದಲು ಎಂದಿನಂತೆ ಓಡಾಡುತ್ತಿರುತ್ತವೆ, ಬಾಗಿಲಲ್ಲಿ ಏನೂ ಕಾಣದು. ಸತ್ತ ಮರಿಗಳ ಸ್ಥಾನ ತುಂಬಬೇಕಾಗಿದ್ದ ನೊಣಗಳು ಬಾರದೆ ಹೋದಾಗ, ಕೆಲವು ವಾರಗಳ ಬಳಿಕ ಕೊರತೆ ಕಣ್ಣಿಗೆ ಬೀಳುತ್ತದೆ. ಆಗ ಕಾಲ ಮಿಂಚಿರುತ್ತದೆ. ಆದುದರಿಂದ ಬಾಗಿಲಿನ ಓಡಾಟ ನೋಡಿ ಕುಟುಂಬದ ಆರೋಗ್ಯ ನಿರ್ಣಯಿಸಬಾರದು. ಮರಿಗಳಿರುವ ಎರಿಯನ್ನು ನೋಡಬೇಕು.

ನಾನು ಬೇಸಾಯಶಾಸ್ತ್ರದ ವಿದ್ಯಾರ್ಥಿ. ವೃತ್ತಿಯ ಮೊದಲ ವರ್ಷಗಳಲ್ಲಿ ಸೂರ್ಯಕಾಂತಿಗೆ ಗೊಬ್ಬರ, ನೀರು, ಸಾಲಿನ ಅಂತರ ಇಷ್ಟನ್ನೇ ಲೆಕ್ಕ ಹಾಕಿ ಶಿಫಾರಸು ಬರೆಯುತ್ತಿದ್ದೆ. ತೆನೆಯಲ್ಲಿ ಜೊಳ್ಳು ಹೆಚ್ಚಾದಾಗ ಮಣ್ಣನ್ನು ದೂರಿದ್ದೇ ಹೆಚ್ಚು. ಹೊಲಕ್ಕೆ ಜೇನುನೊಣ ಎಷ್ಟು ಬರುತ್ತಿದೆ ಎಂದು ರೈತರನ್ನು ಕೇಳಬೇಕೆಂಬುದು ಹೊಳೆದದ್ದು ತಡವಾಗಿ. ಆ ತಪ್ಪನ್ನು ಇಲ್ಲಿ ಹೇಳುವುದಕ್ಕೆ ಕಾರಣ, ಅದನ್ನು ಮಾಡುತ್ತಿರುವವರು ಇಂದಿಗೂ ಇದ್ದಾರೆ.

ತಾವು ಅನುಸರಿಸಬಹುದಾದ ಕ್ರಮಗಳು

1. ಮೊಟ್ಟೆಯಿಂದ ನೊಣವಾಗಲು ಸುಮಾರು ಮೂರು ವಾರ, ಆ ನೊಣ ಹೊರಗೆ ದುಡಿಯಲು ಮತ್ತೆ ಎರಡು ಮೂರು ವಾರ ಬೇಕು. ಆದುದರಿಂದ ಕಾಫಿ, ರಬ್ಬರ್, ಸೂರ್ಯಕಾಂತಿ, ಹುಚ್ಚೆಳ್ಳು ಯಾವುದೇ ಇರಲಿ, ಹೂವಿನ ಸುಗ್ಗಿಗೆ ಐದಾರು ವಾರ ಮುಂಚಿತವಾಗಿಯೇ ಕುಟುಂಬವನ್ನು ಬಲಪಡಿಸಲು ತೊಡಗಿ. ಸುಗ್ಗಿ ಬಂದ ಮೇಲೆ ಕೊಟ್ಟ ಸಕ್ಕರೆ ಪಾಕದಿಂದ ಆ ಸುಗ್ಗಿಗೆ ದುಡಿಯುವ ಕೈಗಳು ಸಿಗಲಾರವು.

2. ಮಳೆಗಾಲದ ಆಹಾರ ಕೊರತೆಯ ದಿನಗಳಲ್ಲಿ ರಾಣಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತದೆ. ಆಗ ಅಗತ್ಯಕ್ಕೆ ತಕ್ಕಂತೆ ಸಕ್ಕರೆ ಪಾಕ ಕೊಡಿ. ಕೊನೆಯ ಹನಿಯವರೆಗೆ ಜೇನು ತೆಗೆಯಬೇಡಿ.

3. ಹತ್ತು ಹದಿನೈದು ದಿನಗಳಿಗೊಮ್ಮೆ ಪೆಟ್ಟಿಗೆ ತೆರೆದು, ನೊಣ ಮುಚ್ಚಿದ ಚೌಕಟ್ಟುಗಳೆಷ್ಟು, ಮೊಟ್ಟೆ ಮತ್ತು ಮರಿಗಳಿರುವ ಚೌಕಟ್ಟುಗಳೆಷ್ಟು, ರಾಣಿ ಅಥವಾ ಹೊಸ ಮೊಟ್ಟೆ ಕಂಡಿತೇ ಎಂಬುದನ್ನು ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆದಿಡಿ. ಇದಕ್ಕಿಂತ ಹೆಚ್ಚು ಸಲ ತೆರೆದರೆ ತುಡುವೆ ಗೂಡು ಬಿಟ್ಟು ಹೋಗುವ ಸಂಭವವುಂಟು.

4. ಹೊಸ ಮೊಟ್ಟೆಗಳಿಲ್ಲದೆ ಗಂಡು ಸಂಸಾರವೇ ಹೆಚ್ಚಾಗಿದ್ದರೆ ರಾಣಿಯಲ್ಲಿ ದೋಷವಿದೆಯೆಂದು ತಿಳಿಯಿರಿ. ಎಳೆಯ ಮರಿಗಳಿರುವ ಎರಿಯನ್ನು ಆರೋಗ್ಯವಂತ ಕುಟುಂಬದಿಂದ ಕೊಟ್ಟು ಹೊಸ ರಾಣಿ ಬೆಳೆಸಲು ಅವಕಾಶ ಮಾಡಿ, ಇಲ್ಲವೇ ಆ ಕುಟುಂಬವನ್ನು ಇನ್ನೊಂದರೊಂದಿಗೆ ಕೂಡಿಸಿ.

5. ಬೆಳೆ ಹೂವಿನಲ್ಲಿರುವಾಗ ಕೀಟನಾಶಕ ಸಿಂಪಡಿಸಬೇಡಿ. ಅನಿವಾರ್ಯವಾದರೆ ನೊಣಗಳು ಗೂಡಿಗೆ ಮರಳಿದ ಸಂಜೆಯ ವೇಳೆಯಲ್ಲಿ ಸಿಂಪಡಿಸಿ, ನೆರೆಯ ಜೇನು ಸಾಕಣೆದಾರರಿಗೆ ಮುಂಚಿತವಾಗಿ ತಿಳಿಸಿ.

ಕೊನೆಯದಾಗಿ ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ಮಾತು. ಕಂಪ್ಯೂಟರ್ ಮಾದರಿಗೆ ಲೆಕ್ಕ ಬರುತ್ತದೆ, ಕಣ್ಣು ಇಲ್ಲ. ಅದು ಹೇಳುವುದು ಎಷ್ಟು ನಿಜವೆಂಬುದು ಅದಕ್ಕೆ ಅಂಕಿ ಒದಗಿಸುವವರ ನೋಟವನ್ನು ಅವಲಂಬಿಸಿದೆ. ನಮ್ಮ ತುಡುವೆಗೆ ನಮ್ಮ ಹವೆ, ನಮ್ಮ ಹೂವುಗಳಿಗೆ ಹೊಂದುವ ಲೆಕ್ಕ ಬೇಕಾದರೆ, ಪೆಟ್ಟಿಗೆಯ ಬಳಿ ನಿತ್ಯ ನಿಲ್ಲುವ ರೈತರು ಕಂಡದ್ದನ್ನು ಕಂಡಂತೆ ಬರೆದಿಡಬೇಕು. ಅದನ್ನು ನಾವು ಗೌರವದಿಂದ ಕೇಳಿ, ಪರೀಕ್ಷಿಸಿ, ಬಳಸಬೇಕು. ಹ್ಯೂಬರ್ ತಮ್ಮ ಮನೆಯ ಸೇವಕನನ್ನು ನಂಬಿ, ಪರೀಕ್ಷಿಸಿ, ತರಬೇತುಗೊಳಿಸಿದ್ದರಿಂದಲೇ ಅವರ ಶೋಧಗಳಲ್ಲಿ ಬಹುಪಾಲು ಇಂದಿಗೂ ನಿಂತಿವೆ. ತಮ್ಮ ಊರಿನ ಜೇನು ಸಾಕಣೆದಾರರಿಗೆ ಒಂದೊಂದು ದಾಖಲೆ ಪುಸ್ತಕ ಕೊಟ್ಟು, ಮುಂದಿನ ಭೇಟಿಯಲ್ಲಿ ಅದನ್ನು ತೆರೆದು ಓದುವ ಕೆಲಸದಿಂದ ಆರಂಭಿಸಿ.